ತಂಗಳವಾಡಿಯಾಕಿ

ಆಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮರೆತಿಲ್ಲ, ಮುಚ್ಚಿಡುವಂಥದ್ದೂ ಏನಿಲ್ಲ. ಇದ್ದ ಎರಡು ಹೆಸರುಗಳಲ್ಲಿ ಒಂದನ್ನು ತವರಿನವರು ಮದುವೆಯ ದಿನ ಬಿಟ್ಟುಕೊಟ್ಟರು, ಇನ್ನೊಂದನ್ನು ಗಂಡನ ಮನೆಯವರು ಇಟ್ಟು ಮರೆತರು. ಆ ಎರಡರಲ್ಲಿ ಯಾವುದನ್ನು ಕೂಗಿದರೂ ಆಕೆ ತಿರುಗಿ ನೋಡುತ್ತಿರಲಿಲ್ಲ. ಹುಮನಾಬಾದಿನ ಆ ಓಣಿಯಲ್ಲಿ ಆಕೆಗಿದ್ದದ್ದು ಒಂದೇ ಹೆಸರು, ತಂಗಳವಾಡಿಯಾಕಿ. ಅದನ್ನು ಕಸಿಯಲು ಬಂದವರೆದುರು ಆಕೆ ಹೇಗೆ ನಿಂತಳು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಗುವವರು ಈಗಲೇ ನಕ್ಕುಬಿಡಲಿ, ನನ್ನ ಅಭ್ಯಂತರವಿಲ್ಲ.

ನಮ್ಮ ಕಡೆಯ ರೂಢಿ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಸೊಸೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ, ಆಕೆ ಬಂದ ಊರು ಹಿಡಿದು ಕರೆಯುತ್ತಾರೆ. ಮಂಠಾಳದಿಂದ ಬಂದವಳು ಮಂಠಾಳದಾಕಿ, ನಾರಾಯಣಪುರದಿಂದ ಬಂದವಳು ನಾರಾಯಣಪುರದಾಕಿ. ಎದುರು ಮನೆಯ ಮುದುಕಿ ಹುಮನಾಬಾದಿನ ಪಕ್ಕದ ಹುಡಗಿ ಎಂಬ ಊರಿನವಳು. ಹಲ್ಲು ಬಿದ್ದಿದ್ದವು, ಕಿವಿ ಮಂದವಾಗಿತ್ತು, ಮೊಮ್ಮಕ್ಕಳು ಮದುವೆಯ ವಯಸ್ಸಿಗೆ ಬಂದಿದ್ದರು, ಆದರೂ ಓಣಿಗೆಲ್ಲ ಆಕೆ ಹುಡಗಿಯಾಕಿಯೇ. ಇಂಥವುಗಳ ನಡುವೆ ಈ ಕತೆಯ ಹೆಂಗಸಿನ ಪಾಲಿಗೆ ಬಂದದ್ದು ತಂಗಳವಾಡಿ. ತಂಗಳು ಎಂದರೆ ನಿನ್ನೆ ಉಳಿದ ಅನ್ನ, ನಿನ್ನೆ ಬಡಿದ ರೊಟ್ಟಿ. ವಾಡಿ ಎಂದರೆ ಹಳ್ಳಿ. ಬಸವಕಲ್ಯಾಣ ತಾಲೂಕಿನ ಒಂದು ಮೂಲೆಯಲ್ಲಿ ಆ ಸಣ್ಣ ಊರಿತ್ತು.

ನಾನು ಕಲ್ಯಾಣದವನು. ನಮ್ಮೂರು ಬಸವಕಲ್ಯಾಣವಾಗಿ ಬೋರ್ಡುಗಳೆಲ್ಲ ಬದಲಾಗಿದ್ದರೂ ನಮ್ಮ ನಾಲಿಗೆ ಇನ್ನೂ ಬದಲಾಗದಿದ್ದ ಕಾಲ. ಭೂಗೋಳದ ಮಾಸ್ತರನಾಗಿ ಹುಮನಾಬಾದಿನ ಹೈಸ್ಕೂಲಿಗೆ ಬಂದವನು ಬಾಡಿಗೆ ಖೋಲಿ ಹುಡುಕುತ್ತ ಆ ಮನೆಯ ಕಟ್ಟೆಯ ಮುಂದೆ ನಿಂತೆ. ಎಣ್ಣೆ, ಬೇಳೆ ಮಾರುವ ಅಂಗಡಿಯವರ ಮನೆ. ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದ ಒಬ್ಬ ಹೆಂಗಸು ತಲೆಯೆತ್ತಿ ನೋಡಿದಳು.

"ಯಾ ಊರಪಾ ನಿಂದು?"

"ಕಲ್ಯಾಣ್ರಿ. ಅಲ್ಲ, ಬಸವಕಲ್ಯಾಣ. ಇಲ್ಲಿ ಖೋಲಿ ಖಾಲಿ ಅದ ಅಂದ್ರು. ಯಾರಿಗಿ ಕೇಳಬೇಕ್ರಿ?"

"ನನಗs ಕೇಳು. ತಂಗಳವಾಡಿಯಾಕಿ ಅಂತಾರ ನನಗ."

ನಾನು ನಕ್ಕೆ. ಪ್ರಪಂಚದ ಊರುಗಳನ್ನೆಲ್ಲ ಬಾಯಿಪಾಠ ಮಾಡಿದ ಮಾಸ್ತರ, ನನ್ನದೇ ತಾಲೂಕಿನ ಈ ಊರಿನ ಹೆಸರು ಕೇಳಿರಲಿಲ್ಲ. ಆಕೆಗೆ ಸಿಟ್ಟು ಬರಲಿಲ್ಲ. ಮೊರ ಬದಿಗಿಟ್ಟು, ಸೆರಗನ್ನು ಸೊಂಟಕ್ಕೆ ಸಿಗಿಸಿ, "ಆತು, ಮುಂದ? ನಕ್ಕು ಮುಗೀತಂದ್ರ ಹೇಳು, ಖೋಲಿ ತೋರಸ್ತೇನಿ" ಎಂದಳು. ಆ "ಆತು, ಮುಂದ?" ಎಂಬುದು ಆಕೆಯ ಆಯುಧ. ಬೈದವರಿಗೆ, ನಕ್ಕವರಿಗೆ, ಉಪದೇಶ ಮಾಡಿದವರಿಗೆ ಎಲ್ಲರಿಗೂ ಅದೇ ಉತ್ತರ. ಆ ಮಾತಿನ ಮುಂದೆ ನಗು ಉಳಿಯುವುದಿಲ್ಲ, ಎಷ್ಟೋ ಜನ ಅಲ್ಲಿಂದ ಎದ್ದುಹೋದದ್ದನ್ನು ನಾನೇ ನೋಡಿದ್ದೇನೆ. ಅಂದಿನಿಂದ ಹತ್ತಾರು ವರ್ಷ ಆ ಖೋಲಿಯಲ್ಲಿದ್ದೆ, ಆಕೆಯನ್ನು ಅವ್ವ ಎಂದೇ ಕರೆದೆ.

ಅವ್ವ ತನ್ನ ಮದುವೆಯ ಕತೆ ಹೇಳುವಾಗ ಅತ್ತೆಯ ದನಿಯನ್ನು ಹಾಗೆಯೇ ತೆಗೆಯುತ್ತಿದ್ದಳು. ಅತ್ತೆ ಸತ್ತು ಬಹಳ ಕಾಲವಾಗಿದ್ದರೂ ಅಡಿಗೆಮನೆಯ ಬಾಗಿಲಲ್ಲಿ ನಿಂತೇ ಇದ್ದಾಳೇನೋ ಎನ್ನಿಸುತ್ತಿತ್ತು. ಮದುವೆಯಲ್ಲಿ ತಟ್ಟೆಯ ಅಕ್ಕಿಯ ಮೇಲೆ ಗಂಡ ಉಂಗುರದಿಂದ ಹೊಸ ಹೆಸರು ಬರೆದನಂತೆ. ಈಕೆಗೆ ಓದಲು ಬಾರದು. ಏನು ಬರೆದ ಎಂದು ಕೇಳುವ ಧೈರ್ಯವೂ ಆಗ ಇರಲಿಲ್ಲ. "ಅಕ್ಕ್ಯಾಗ ಬರದದ್ದು ಅಕ್ಕ್ಯಾಗೇ ಹೋತು. ಅವತ್ತ ರಾತ್ರಿ ಅನ್ನ ಮಾಡಿ ಬೀಗರು ಉಂಡ್ರು" ಎಂದು ಹೇಳಿ ಹೊಟ್ಟೆ ಹಿಡಿದು ನಗುತ್ತಿದ್ದಳು.

ಮರುದಿನದಿಂದ ಮನೆಯಲ್ಲಿ ತಂಗಳವಾಡಿಯಾಕಿ. ಅತ್ತೆ ಊಟಕ್ಕೆ ಕೂತಾಗಲೆಲ್ಲ ರೊಟ್ಟಿ ಮುಟ್ಟಿ ನೋಡಿ, "ತಂಗಳವಾಡಿಯಾಕಿ ಕೈಯಾಂದು ಬಿಸಿ ಎಲ್ಲಿಂದ ಬರಬೇಕು" ಎನ್ನುವಳು. ರೊಟ್ಟಿ ಆಗತಾನೇ ಹಂಚಿನಿಂದ ಇಳಿದದ್ದಿದ್ದರೂ ಅದೇ ಮಾತು. ಒಂದು ದಿನ ಅತ್ತೆಯ ತಂಗಿ ಬಂದಿದ್ದಳು, ಅವಳೂ ಅದೇ ರಾಗ ತೆಗೆದಳು. ಅವ್ವ ಒಲೆಯ ಮೇಲಿನ ರೊಟ್ಟಿಯನ್ನು ಉಬ್ಬಿದ್ದು ಉಬ್ಬಿದ ಹಾಗೇ ತಂದು ಆಕೆಯ ಅಂಗೈಯ ಮೇಲೆ ಇಟ್ಟಳು. ಆಕೆ ಕುಣಿದಾಡಿದಳು. "ಬಿಸಿ ಹತ್ತೇದೇನ್ರಿ ಚಿಗವ್ವಾ? ತಂಗಳವಾಡೀದು" ಎಂದಳಂತೆ ಅವ್ವ. ಆಮೇಲೆ ಬಿದ್ದ ಏಟಿನ ಬಗ್ಗೆಯೂ ಆಕೆ ಅಷ್ಟೇ ಸಂತೋಷದಿಂದ ಹೇಳುತ್ತಿದ್ದಳು. ಹೆಸರನ್ನು ಬೈಗಳಾಗಿ ಕೊಟ್ಟವರ ಎದುರು ಅದನ್ನೇ ಬಿರುದಿನ ಹಾಗೆ ತೊಟ್ಟುಕೊಂಡ ಹೆಣ್ಣು ಅದು.

ಊರಿಗೆ ಆ ಹೆಸರು ಹೇಗೆ ಬಂತೆಂದು ಕೇಳಿದ್ದೆ. "ಖರೆನೋ ಸುಳ್ಳೋ, ನಮ್ಮಾಯಿ ಹೇಳ್ತಿದ್ಲು" ಎಂದು ಅಜ್ಜಿಯಿಂದ ಕೇಳಿದ್ದನ್ನು ಶುರುಮಾಡಿದಳು. ಹಿಂದೆ ಎಂದೋ ಒಂದು ಬರಗಾಲದಲ್ಲಿ ಮಂದಿ ಗುಂಪುಗುಂಪಾಗಿ ಕಲ್ಯಾಣದ ಕಡೆ ನಡೆದು ಹೊರಟಿದ್ದರು. ದಾರಿಯ ಊರುಗಳವರು ಅಗಸಿಯ ಬಾಗಿಲು ಹಾಕಿಕೊಂಡರು. ಈ ಊರಿನವರಲ್ಲಿಯೂ ಕೊಡಲು ಏನೂ ಇರಲಿಲ್ಲ. ತಮಗೆಂದು ತೆಗೆದಿಟ್ಟಿದ್ದ ನಿನ್ನೆಯ ರೊಟ್ಟಿ ಇತ್ತು, ಅದನ್ನೇ ಮುರಿದು ಹಂಚಿದರು. ಉಂಡವರು ಮುಂದೆ ಹೋಗಿ, ಹಿಂದೆ ಬರುವವರಿಗೆ, ತಂಗಳ ಕೊಡುವ ವಾಡಿ ಒಂದದೆ, ಅಲ್ಲಿಗೆ ಹೋಗಿರಿ ಎಂದು ದಾರಿ ಹೇಳಿದರು. ಹೆಸರು ನಿಂತಿತು.

ಸಂಜೆ ಅಂಗಡಿ ಮುಚ್ಚಿ ಗಂಡ ಬರುವವರೆಗೆ ಕಟ್ಟೆಯೇ ನಮ್ಮ ಸಭೆ. ನನಗೊಂದು ಚಟವಿತ್ತು. ಹಳೆಯ ಪತ್ರಿಕೆಗಳ ಮೂಲೆಯಿಂದ, ಶಾಲೆಯಲ್ಲಿ ನಿಜಾಮರ ಕಾಲದಿಂದ ಬಿದ್ದಿದ್ದ ದಪ್ಪ ಅಟ್ಲಾಸಿನಿಂದ ವಿಚಿತ್ರ ಹೆಸರಿನ ಊರುಗಳನ್ನು ಹೆಕ್ಕುವುದು. ಹುಡುಗರಿಗೆ ಅವುಗಳಿಂದ ಪಾಠ ಹತ್ತುತ್ತಿತ್ತು. ಒಂದು ದಿನ ಅವ್ವನಿಗೂ ಹೇಳಿದೆ. ಅಮೇರಿಕಾದಲ್ಲಿ ಎಮ್ಮೆ ಎಂಬ ಹೆಸರಿನ ದೊಡ್ಡ ಪಟ್ಟಣ ಇದೆ, ಲಂಡನ್ನಿನ ಒಳಗೇ ನಾಯಿಗಳ ದ್ವೀಪ ಎಂಬ ಪೇಟೆ ಇದೆ, ಆಗತಾನೇ ಪೇಪರಿನಲ್ಲಿ ಗದ್ದಲವೆಬ್ಬಿಸಿದ್ದ ಕ್ಯೂಬಾ ದೇಶದಲ್ಲಿ ಹಂದಿಗಳ ಕೊಲ್ಲಿ ಇದೆ ಎಂದೆ. ಅವ್ವನ ಕೈ ಮೊರದ ಮೇಲೆ ನಿಂತಿತು.

"ರಾಣಿ ಇರೂ ಊರಾಗ ನಾಯಿ ಓಣಿ?"

"ಹೌದವ್ವ. ಯಾರೂ ಬದಲಿ ಮಾಡಿಲ್ಲ."

"ಅಲ್ಲಿಂದ ಕೊಟ್ಟ ಹೆಣ್ಣಿಗಿ ಏನಂತಾರ ಮತ್ತ? ನಾಯಿ ಓಣ್ಯಾಕಿ ಅಂತಾರೇನು?"

"ಅಲ್ಲಿ ಊರಿನಿಂದ ಕರೆಯೋದಿಲ್ಲವ್ವ. ಗಂಡನ ಹೆಸರಿಂದ ಕರೀತಾರ."

ಅವ್ವ ಮೊರದಿಂದ ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದಳು. "ಛೀ" ಎಂದಳು, "ಅದಕ್ಕಿಂತ ನಾಯಿ ಓಣಿ ಛಲೋ."

ಅಲ್ಲಿಂದ ದಿನಾ ಸಂಜೆ "ಇವತ್ತ ಯಾ ಊರು ಮಾಸ್ತರ?" ಎನ್ನುವುದು ರೂಢಿಯಾಯಿತು. ಫ್ರಾನ್ಸಿನ ಒಂದೇ ಅಕ್ಷರದ ಹೆಸರಿನ ಊರಿಗೆ, "ಪಾಪ, ಕೂಗಿ ಕರ್ಯಾಕೂ ಆಗಂಗಿಲ್ಲ" ಎಂದು ಮರುಗಿದಳು. ಚಿಲಿ ದೇಶದ ತುದಿಯಲ್ಲಿರುವ ಕೆಲಸಕ್ಕೆ ಬಾರದ ಕೊಲ್ಲಿ ಎಂಬ ಹೆಸರು ಕೇಳಿ, ಅದನ್ನು ಅಂಗಡಿಯಲ್ಲಿ ನಿದ್ದೆ ಹೊಡೆಯುವ ಆಳಿಗೆ ಇಟ್ಟಳು. ನಾರ್ವೆ ದೇಶದಲ್ಲಿ ಇಂಗ್ಲಿಷರ ಕಿವಿಗೆ ನರಕ ಎಂದೇ ಕೇಳುವ ಊರೊಂದಿದೆ, ಅಲ್ಲಿಗೆ ರೈಲೂ ಹೋಗುತ್ತದೆ ಎಂದಾಗ, "ಟಿಕೀಟ್ ಬ್ಯಾರೆ ತಗೋತಾರೇನು?" ಎಂದು ಕೇಳಿದಳು. ಆದರೆ ಆಕೆಯನ್ನು ಹಿಡಿದು ನಿಲ್ಲಿಸಿದ್ದು ಆಫ್ರಿಕಾದ ತುದಿಯ ಕತೆ. ಅದಕ್ಕೆ ಮೊದಲು ಬಿರುಗಾಳಿಗಳ ಭೂಶಿರ ಎಂಬ ಹೆಸರಿತ್ತು, ನಾವಿಕರು ಹೆದರುತ್ತಾರೆಂದು ಒಬ್ಬ ರಾಜ ಅದನ್ನು ಒಳ್ಳೆಯ ಭರವಸೆಯ ಭೂಶಿರ ಎಂದು ಬದಲಿಸಿದ ಎಂದೆ. ಅವ್ವ ಕೇಳಿದ್ದು ಒಂದೇ ಪ್ರಶ್ನೆ. "ಬಿರುಗಾಳಿ ನಿಂತೇನು?"

"ಇಲ್ಲವ್ವ. ಆಮ್ಯಾಲೂ ಹಡಗ ಮುಳುಗಿದ್ವು."

"ಮತ್ತ ಬದಲಿ ಮಾಡಿ ಏನ ಸಾಧಿಸಿದ ಆ ರಾಜಾ?" ಎಂದು ಆಕೆ ಅವನನ್ನು ಅಂದು ಮಲಗುವವರೆಗೆ ಬೈದಳು.

ಎಪ್ಪತ್ತರ ದಶಕದ ಒಂದು ಮಳೆಗಾಲದ ಆರಂಭದಲ್ಲಿ ಆಕೆಯ ಅಣ್ಣನ ಮಗ ಬಂದ. ಅಣ್ಣ ತೀರಿಹೋಗಿದ್ದ, ಈ ಮಗನೇ ತಂಗಳವಾಡಿ ಪಂಚಾಯಿತಿಯ ಚೇರ್ಮನ್. ಬಿಳಿ ಅಂಗಿ, ಬಿಳಿ ಟೋಪಿ, ಇನ್ನೂ ಹರೆಯ. ಸೋದರತ್ತೆಯ ಕಾಲಿಗೆ ಬಿದ್ದು ಕಟ್ಟೆಯ ಮೇಲೆ ಕೂತ. ಚಹಾ ಬಂತು. ಅವನು ಸಂತೋಷದ ಸುದ್ದಿ ಹೇಳುವವನ ಹಾಗೆ ಹೇಳಿದ.

"ಅತ್ತಿ, ಊರಿನ ಹೆಸರು ಬದ್ಲಿ ಮಾಡಾಕತ್ತೇವಿ. ಅಮೃತಪುರ ಅಂತ. ಪಂಚಾಯ್ತ್ಯಾಗ ಎಲ್ಲಾರೂ ಹೂಂ ಅಂದಾರ."

"ಯಾಕ? ತಂಗಳವಾಡಿಗಿ ಏನಾಗ್ಯದ?"

"ಏನಾಗ್ಯದ ಅಂತೀ? ತಾಲೂಕ ಮೀಟಿಂಗಿನ್ಯಾಗ ತಂಗಳವಾಡಿ ಚೇರ್ಮನ್ರು ಬರ್ರಿ ಅಂದ್ರ ಮಂದಿ ಮುಸಿಮುಸಿ ನಗ್ತಾರ. ಚಾ ಕೊಡಾವನೂ, ನಿಮಗ ಬಿಸಿದು ನಡೀತದೇನ್ರಿ ಅಂತಾನ. ಹುಡುಗರಿಗಿ ಹೆಣ್ಣ ಕೇಳಾಕ ಹೋದ್ರ, ನಮ್ಮ ಮಗಳಿಗಿ ತಂಗಳ ಹಾಕ್ತೀರೇನು ಅಂತಾರ. ಸಾಕಾಗ್ಯದ ನನಗ."

ಅವನ ಸಂಕಟ ಸುಳ್ಳಾಗಿರಲಿಲ್ಲ. ಹೇಳುವಾಗ ಅವನ ಕಿವಿಗಳು ಕೆಂಪಾಗಿದ್ದವು. ಅವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿದಳು.

"ಆತು, ಮುಂದ?"

"ಮುಂದೇನು, ಬೀದರದಿಂದ ದೊಡ್ಡ ಪುಢಾರಿಗಳು ಬರ್ತಾರ. ಬೋರ್ಡ್ ಬರಸೇವಿ. ಕಲ್ಯಾಣ ಬಸವಕಲ್ಯಾಣ ಆಗಿಲ್ಲೇನು? ಬೇಕಾದ್ರ ಕೇಳು ನಿಮ್ಮ ಮಾಸ್ತರನ್ನ."

"ಮಾಸ್ತರನ್ನ ಯಾಕ ಕೇಳಲಿ? ಕಲ್ಯಾಣ ಎಲ್ಲಿ ಹೋಗ್ಯದ? ಇದ್ದಲ್ಲೇ ಅದ, ಮುಂದ ಒಬ್ಬ ದೊಡ್ಡವರು ಬಂದು ಕೂತಾರ. ನೀವು ಹಂಗ ಮಾಡಾಕತ್ತಿಲ್ಲ. ನೀವು ಮನ್ಯಾಗ ಇದ್ದಾಕೀನ ಹೊರಗ ಹಾಕಿ ಕದಾ ಮುಚ್ಚಾಕತ್ತೀರಿ."

ಅವನಿಗೂ ರೇಗಿತು. "ಅತ್ತಿ, ಇದು ಊರಿನವರ ಮಾತು. ನೀ ಹೊರಗಿನಾಕಿ. ಕೊಟ್ಟ ಹೆಣ್ಣು ಕುಲಕ್ಕ ಹೊರಗು."

ಅವ್ವ ಎದ್ದು ನಿಂತಳು. ದನಿ ಏರಲಿಲ್ಲ, ಆಕೆಯ ದನಿ ಏರದಿದ್ದಾಗಲೇ ನನಗೆ ಹೆಚ್ಚು ಅಂಜಿಕೆ.

"ಬರೋಬರಿ ಹೇಳ್ದಿ. ನಾ ಹೊರಗಿನಾಕಿ. ಊರಿನ ಹೆಸರು ಬೇಕಾಗೋದು ಹೊರಗಿದ್ದವರಿಗೇ ತಮ್ಮಾ. ಊರೊಳಗ ಕೂತಾವರಿಗಿ ಯಾತಕ್ಕ ಬೇಕು? ನಿಮ್ಮೂರಾಗ ನಿನಗ ಯಾರರ ತಂಗಳವಾಡಿಯಾವ ಅಂತಾರೇನು? ನಿನ್ನ ಹೆಸರು ಹಿಡಿದು ಕರೀತಾರ. ನನಗ? ತವರ ಮನ್ಯಾಗ ಇಟ್ಟದ್ದು ಬಿಡಿಸಿದ್ರಿ. ಇಲ್ಲಿ ಇಟ್ಟದ್ದು ಯಾರೂ ಕರೀಲಿಲ್ಲ. ಇದೊಂದs ಉಳದದ್ದು ನನಗ. ಇದನ್ನ ಯಾರೂ ಪ್ರೀತೀಲೆ ಕೊಟ್ಟಿಲ್ಲ, ಬೈಸ್ಕೊಂಡು ಬೈಸ್ಕೊಂಡು ನಂದು ಮಾಡ್ಕೊಂಡೇನಿ. ನೀ ಯಾವ ದೊರಿ ಇದನ್ನ ಅಳಸಾಂವ?"

ಅವನು ಚಹಾದ ಬಟ್ಟಲನ್ನು ಕೆಳಗಿಟ್ಟ. ಟೋಪಿ ಸರಿಮಾಡಿಕೊಂಡು, "ಪಂಚಮಿ ದಿನ ಇಟ್ಟೇವಿ ಕಾರ್ಯಕ್ರಮ. ಸಾಲಿ ಸೂಟಿ ಇರ್ತದ, ಮಂದಿ ಕೂಡ್ತಾರ. ಬರೋದಿದ್ರ ಬಾ" ಎಂದು ಎದ್ದ.

"ಪಂಚಮಿಗೇನು?" ಅವ್ವನ ಮುಖ ಒಮ್ಮೆಲೇ ಸಡಿಲಾಯಿತು. "ಛಲೋ ದಿನಾ ಹಿಡದೀರಿ ತಮ್ಮಾ. ಬರ್ತೇನಿ."

ನಮ್ಮ ಕಡೆಯ ಗಂಡಸರು ಮಾತ್ರ ಮಾಡಬಹುದಾದ ತಪ್ಪು ಅದು. ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಹೆಣ್ಣುಗಳೆಲ್ಲ ಆ ದಿನ ತವರಿಗೆ ಬರುತ್ತಾರೆ, ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಜೀಕುತ್ತಾರೆ. ಹಿಂದಿನ ದಿನ ಮನೆಮನೆಯಲ್ಲಿ ರೊಟ್ಟಿ ಬಡಿದು ಒಬ್ಬರಿಗೊಬ್ಬರು ಬೀರುತ್ತಾರೆ. ಹಬ್ಬದ ದಿನ ಮಾತ್ರ ಯಾರ ಮನೆಯಲ್ಲೂ ಒಲೆಗೆ ಹಂಚು ಏರಿಸುವಂತಿಲ್ಲ. ಬೇಯಿಸಿದ್ದು ನಡೆಯುತ್ತದೆ, ಸುಡುವುದು, ಹುರಿಯುವುದು ಕೂಡದು. ಗಂಡಸರು ಹುಟ್ಟಿದಾಗಿನಿಂದ ಆ ಹಬ್ಬದ ಊಟ ಉಂಡವರೇ. ಆದರೆ ಉಣ್ಣುವುದರಾಚೆ ಅದರ ಬಗ್ಗೆ ಯೋಚಿಸಿದವರಲ್ಲ. ಎಂಥ ದಿನವನ್ನು ಆರಿಸಿದ್ದೇವೆಂಬುದು ಚೇರ್ಮನ್ನನಿಗೆ ಹೊಳೆಯಲೇ ಇಲ್ಲ.

ಅವ್ವ ಸುಮ್ಮನೆ ಕೂಡಲಿಲ್ಲ. ಎಣ್ಣೆ ಒಯ್ಯಲು ಬರುವ ಗಿರಾಕಿಗಳ ಬಾಯಲ್ಲಿ ಸುದ್ದಿ ಕಳಿಸಿದಳು. ಹುಡಗಿಯಲ್ಲಿ, ಮಂಠಾಳದಲ್ಲಿ, ನಾರಾಯಣಪುರದಲ್ಲಿ, ಕಲ್ಯಾಣದ ಪೇಟೆಯಲ್ಲಿ ತಂಗಳವಾಡಿಯಿಂದ ಕೊಟ್ಟ ಹೆಣ್ಣುಗಳಿದ್ದರು, ತಮ್ಮ ತಮ್ಮ ಓಣಿಯಲ್ಲಿ ಒಬ್ಬೊಬ್ಬರೂ ತಂಗಳವಾಡಿಯಾಕಿಯೇ. "ಈ ಸಲ ಪಂಚಮಿ ತಪ್ಪಸಬ್ಯಾಡ್ರಿ, ರೊಟ್ಟಿ ಜಾಸ್ತಿ ಬಡದು ತರ್ರಿ" ಎಂದಷ್ಟೇ ಹೇಳಿಕಳಿಸಿದ್ದು. ಗಂಡನನ್ನು ಕೇಳಿದಳು. ಆತ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ತಕ್ಕಡಿ ಒರೆಸುತ್ತ, "ಹೋಗಿ ಬಾ. ಅಮೃತಪುರದಾಕೀನ ನಾ ಲಗ್ನ ಆಗಿಲ್ಲ" ಎಂದ. ಆತನ ಬಾಯಿಂದ ಅಷ್ಟು ಉದ್ದದ ಮಾತು ಬಂದದ್ದನ್ನು ನಾನು ಬೇರೆ ಎಂದೂ ಕೇಳಲಿಲ್ಲ.

"ಮಾಸ್ತರ, ನೀನೂ ನಡಿ. ನಿನ್ನ ನಾಯಿ, ಎಮ್ಮಿ, ನರಕ ಎಲ್ಲಾ ತಗೊಂಡು ನಡಿ" ಎಂದಳು ನನಗೆ. ಬಸ್ಸಿಳಿದು ಕೆಸರಿನಲ್ಲಿ ನಡೆದು ಹೋದೆವು. ಊರ ಮುಂದೆ ಹಂದರ ಹಾಕಿದ್ದರು. ಬೋರ್ಡಿಗೆ ಕೆಂಪು ಅರಿವೆ ಹೊದಿಸಿದ್ದರು. ಪಕ್ಕದ ಬೇವಿನ ಮರದಲ್ಲಿ ಜೋಕಾಲಿ ಖಾಲಿ ತೂಗುತ್ತಿತ್ತು. ಯಾವ ಹೆಣ್ಣೂ ಅದರ ಮೇಲೆ ಹತ್ತಿರಲಿಲ್ಲ, ಎಲ್ಲರೂ ಹಂದರದಲ್ಲಿ ಬಂದು ಕೂತಿದ್ದರು. ಗಂಡಸರಿಗೆ ಜಾಗ ಸಾಲದೆ ಅಂಚಿನಲ್ಲಿ ನಿಂತಿದ್ದರು.

ಪುಢಾರಿ ಬರುವಾಗ ಮಧ್ಯಾಹ್ನ ಹೊರಳಿತ್ತು. ಒಳ್ಳೆಯ ಮನುಷ್ಯ, ಹಸಿದು ಬಂದಿದ್ದ. ಮೊದಲು ಊಟವಾಗಲಿ ಎಂದ. ಎಲೆ ಹಾಕಿದರು. ಎಳ್ಳು ಹಚ್ಚಿದ ಸಜ್ಜೆಯ ಖಡಕ್ ರೊಟ್ಟಿ, ಕಾಳಿನ ಪಲ್ಯ, ಮೊಸರು, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ. ಚೇರ್ಮನ್ ಓಡಿಬಂದು, "ಸಾಹೇಬರಿಗಿ ಬಿಸಿ ರೊಟ್ಟಿ ತರ್ರಿ" ಎಂದು ಕೂಗಿದ. ಹೆಂಗಸರ ನಡುವಿನಿಂದ ಯಾರೋ, "ಇವತ್ತ ಹಂಚು ಯಾರ ಮನ್ಯಾಗ ಇಟ್ಟಾರೋ ತಮ್ಮಾ?" ಎಂದರು. ಪುಢಾರಿ ನಕ್ಕು, "ಖರೆ, ಖರೆ, ನಮ್ಮವ್ವನೂ ಇಡಗೊಡೂದಿಲ್ಲ" ಎಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ. ಇನ್ನೊಂದು ಕೇಳಿ ಹಾಕಿಸಿಕೊಂಡು ಉಂಡ.

ಆತ ಕೈತೊಳೆದು ಬೋರ್ಡಿನ ಹತ್ತಿರ ಬಂದಾಗ ಅವ್ವ ಎದ್ದಳು. ಚೇರ್ಮನ್ ಕಣ್ಣಿನಲ್ಲೇ ಗದರಿಸಿದ. ಆಕೆ ಅವನ ಕಡೆ ನೋಡಲೂ ಇಲ್ಲ.

"ಊಟ ಆತೇನ್ರಿ ಸಾಹೇಬರ?"

"ಭರ್ಜರಿ ಆತವ್ವಾ."

"ರೊಟ್ಟಿ ಹ್ಯಾಂಗಿದ್ವು?"

"ಇಂಥಾ ರೊಟ್ಟಿ ಬೀದರದಾಗ ಸಿಗಂಗಿಲ್ಲ."

"ಯಾವತ್ತ ಬಡದದ್ದು ಅವು?"

"ನಿನ್ನೀವು. ಹಬ್ಬ ಅಲ್ಲೇನು?"

"ನಿನ್ನೀ ರೊಟ್ಟಿಗಿ ಏನಂತಾರ್ರಿ?"

ಹಂದರದಲ್ಲಿ ಮೊದಲು ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ. ಪುಢಾರಿಯೂ ನಕ್ಕ. ನಗು ಇಳಿಯುವವರೆಗೆ ಅವ್ವ ಕಾದಳು.

"ಇವತ್ತ ಬೀದರದಾಗೂ ತಂಗಳ, ಕಲ್ಯಾಣದಾಗೂ ತಂಗಳ. ನಿಮ್ಮವ್ವ ಉಣ್ಣೋದೂ ಅದೇ. ಅಮೃತ ಉಂಡವರು ಇಲ್ಲಿ ಯಾರರ ಇದ್ರ ಕೈ ಎತ್ತರಿ, ನಾ ಕಾಲಿಗಿ ಬೀಳ್ತೇನಿ. ಹಸದು ಬಂದವರಿಗಿ ನಮ್ಮ ಹಿರೇರು ತಂಗಳ ಕೊಟ್ರು. ಉಂಡವರು ಇಟ್ಟ ಹೆಸರಿದು. ಈಗ ನೀವೂ ಉಂಡೀರಿ. ಉಂಡ ಕೈಲೇ ಅಳಸ್ತೀರೇನು?"

ಆಮೇಲೆ ಆಕೆ ಲೋಕ ಸುತ್ತಿದಳು. ರಾಣಿಯ ಅರಮನೆ ನಾಯಿ ಓಣಿಯಲ್ಲೇ ಇದೆ ಎಂದಳು. ಅಮೇರಿಕಾದ ಮಂದಿಯೆಲ್ಲ ಎಮ್ಮೆ ಊರಿನವರು ಎಂದಳು. ನರಕಕ್ಕೆ ದಿನಾ ಎರಡು ರೈಲು ಬಿಡಿಸಿದಳು. "ಅವರ್ಯಾರಿಗೂ ನಾಚಿಕಿಲ್ಲ, ನಿಮಗ್ಯಾಕ? ಒಬ್ಬ ರಾಜಾ ಬಿರುಗಾಳಿ ಊರಿಗಿ ಭರವಸಿ ಊರು ಅಂತ ಹೆಸರಿಟ್ಟ. ಗಾಳಿ ನಿಂತೇನು? ಕೇಳ್ರಿ ನಮ್ಮ ಮಾಸ್ತರನ್ನ, ಪಟ ನೋಡಿ ಹೇಳ್ತಾನ." ಎಲ್ಲರೂ ನನ್ನ ಕಡೆ ತಿರುಗಿದರು. ಭೂಗೋಳದ ಮಾಸ್ತರನಾಗಿ ನಾನು ತಿದ್ದಬೇಕಾದದ್ದು ಬಹಳವಿತ್ತು. "ಎಲ್ಲಾ ಖರೆ ಅದ" ಎಂದೆ. ಅದಕ್ಕಾಗಿ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಚೇರ್ಮನ್ ತಡೆಯಲಾರದೆ, "ಮತ್ತ ನಮ್ಮ ಹುಡುಗರಿಗಿ ಹೆಣ್ಣ ಯಾರು ಕೊಡ್ತಾರ ಅತ್ತಿ?" ಎಂದು ಕೂಗಿದ.

"ಹೆಣ್ಣ ಕೊಡೋವ್ರು ಬೋರ್ಡ್ ನೋಡಂಗಿಲ್ಲೋ, ಬಾವಿ ನೋಡ್ತಾರ. ಬಾವ್ಯಾಗ ಹೂಳ ತುಂಬ್ಯದ. ಕೊಡಾ ಹೊತ್ತು ಎಷ್ಟ ದೂರ ಹೋಗಬೇಕು ಅಂತ ಲೆಕ್ಕ ಹಾಕ್ತಾರ. ಮೊದಲ ಬಾವಿ ತಗಸು" ಎಂದಳು ಅವ್ವ. ಅಂಚಿನಲ್ಲಿ ನಿಂತಿದ್ದ ಗಂಡಸರೂ ಹೌದು ಹೌದು ಎಂದರು.

ಪುಢಾರಿ ಜಾಣ. ಹೆಸರು ಬದಲಿಸಲು ಸರಕಾರದ ಒಪ್ಪಿಗೆ ಬೇಕು, ಅವಸರ ಬೇಡ ಎಂದು ಹೇಳಿ, ಅರಿವೆ ಎಳೆಯದೆ ಜೀಪು ಹತ್ತಿದ. ಹೆಂಗಸರು ಜೋಕಾಲಿಯ ಕಡೆ ನಡೆದರು. ಆ ಬೋರ್ಡು ಮುಂದೆ ಚೇರ್ಮನ್ನನ ಕೊಟ್ಟಿಗೆಗೆ ಅಡ್ಡಗೋಡೆಯಾಯಿತು ಎಂದು ಕೇಳಿದೆ. ಅಮೃತಪುರದಲ್ಲಿ ಕೊನೆಗೂ ವಾಸ ಮಾಡಿದ್ದು ಅವನ ಎಮ್ಮೆಗಳು ಮಾತ್ರ.

ಇಲ್ಲಿಗೇ ಮುಗಿಸಿದರೆ ಇದು ಗೆದ್ದ ಕತೆ. ಆದರೆ ಆ ಸಂಜೆ ನಾವು ಹೊರಡುವಾಗ ಚೇರ್ಮನ್ ತನ್ನ ಮನೆಯ ಹೊಸ್ತಿಲಲ್ಲಿ ನಿಂತಿದ್ದ. ಅವ್ವ ಅರಿಷಿಣ ಕುಂಕುಮಕ್ಕೆಂದು ಒಳಗೆ ಕಾಲಿಡುವಷ್ಟರಲ್ಲಿ ಅಡ್ಡ ಕೈ ಚಾಚಿದ. "ನಾಕ ಮಂದ್ಯಾಗ ನನ್ನ ಮಾನ ಕಳದಿ. ಹೆಸರು ತಗೊಂಡಿ ಹೌದಿಲ್ಲೋ? ಅದನ್ನs ತಗೊಂಡು ಹೋಗು. ಈ ಮನಿ ನಿನಗ ತವರಲ್ಲ. ನೀ ಸತ್ರೂ ಬರಂಗಿಲ್ಲ ನಾ" ಎಂದ. ಆಕೆ ಹುಟ್ಟಿದ ಮನೆ ಅದು. ಅವ್ವ ಅವನ ಮುಖ ನೋಡಿದಳು. ಆತು, ಮುಂದ ಎನ್ನುತ್ತಾಳೆಂದು ನಾನು ಕಾದೆ. ಎನ್ನಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಹುಮನಾಬಾದು ಬರುವವರೆಗೆ ತಿರುಗಲಿಲ್ಲ.

ಆ ನಂತರದ ಪಂಚಮಿಗಳಲ್ಲಿ ಓಣಿಯ ಹೆಣ್ಣುಗಳೆಲ್ಲ ತವರಿಗೆ ಹೋಗುವಾಗ ಅವ್ವ ಕಟ್ಟೆಯ ಮೇಲೆ ಬೇಳೆ ಆರಿಸುತ್ತ ಕೂತಿರುತ್ತಿದ್ದಳು. ನಾನು ಒಮ್ಮೆ ಕೇಳಿಯೇಬಿಟ್ಟೆ, ಆ ದಿನ ಸುಮ್ಮನಿದ್ದಿದ್ದರೆ ಒಳ್ಳೆಯದಿತ್ತೇನು ಎಂದು. "ಹೊಟ್ಟಿ ಉರೀತದ ಮಾಸ್ತರ, ಸುಳ್ಳ್ಯಾಕ ಹೇಳ್ಲಿ. ಆದ್ರ ನಾಳಿ ಮತ್ತ ಬೋರ್ಡ್ ತಂದ್ರ ನಾಳಿ ಮತ್ತ ಹೋಗ್ತೇನಿ" ಎಂದಳು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ನನಗೆ ಬಸವಕಲ್ಯಾಣಕ್ಕೆ ವರ್ಗವಾಯಿತು. ಹೋದ ಮೇಲೂ ಬಂದು ಹೋಗುತ್ತಿದ್ದೆ, ಬಂದಾಗಲೆಲ್ಲ ಒಂದಾದರೂ ಹೊಸ ಊರು ಹೇಳಬೇಕಾಗಿತ್ತು. ಎಂಟು ಹತ್ತು ವರ್ಷದ ಮೇಲೆ ಒಂದು ಬೆಳಿಗ್ಗೆ ಅವ್ವ ಹೋದಳೆಂಬ ಸುದ್ದಿ ಬಂತು. ಮೊದಲ ಬಸ್ಸಿಗೆ ಹೋದೆ. ಅಂಗಳದಲ್ಲಿ ಮಲಗಿಸಿದ್ದರು. ಗಂಡ ಕಂಬಕ್ಕೆ ಒರಗಿ ಕೂತಿದ್ದ. ಓಣಿ ತುಂಬ ಮಂದಿ ಇದ್ದರೂ ಯಾವ ಕೆಲಸವೂ ಮುಂದೆ ಸಾಗುತ್ತಿರಲಿಲ್ಲ. ಮುತ್ತೈದೆಯಾಗಿ ಹೋದವಳಿಗೆ ಕೊನೆಯ ಸೀರೆ ತವರಿನಿಂದ ಬರಬೇಕು. ಅದನ್ನು ಉಡಿಸದೆ ಎತ್ತುವುದಿಲ್ಲ. ತಂಗಳವಾಡಿಗೆ ಆಳು ಹೋಗಿ ಸುದ್ದಿ ಮುಟ್ಟಿಸಿ ಬಂದಿದ್ದ, ಅಲ್ಲಿಂದ ಯಾವ ಉತ್ತರವೂ ಬಂದಿರಲಿಲ್ಲ. ಅವ್ವನ ಹಿರಿಯ ಮಗ ಇನ್ನು ಪೇಟೆಯಿಂದಲೇ ತರುತ್ತೇನೆ ಎಂದು ಎದ್ದ. ಕಂಬದ ಹತ್ತಿರದಿಂದ ಗಂಡ ಬೇಡವೆಂದು ತಲೆಯಾಡಿಸಿದ. ಬಿಸಿಲು ಏರುತ್ತಿತ್ತು. ಆ ಚೇರ್ಮನ್ನನ ಮೇಲೆ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯಲಾರೆ.

ಮಧ್ಯಾಹ್ನಕ್ಕೆ ಓಣಿಯ ತುದಿಯಲ್ಲಿ ಮಂದಿ ಸರಿದು ದಾರಿ ಬಿಟ್ಟರು. ಅವನೇ ಬಂದ. ಟೋಪಿ ಇರಲಿಲ್ಲ, ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಎರಡೂ ಕೈಯಲ್ಲಿ ಹಸಿರು ಸೀರೆ ಹಿಡಿದಿದ್ದ. ಹಿಂದೆ ಊರಿನ ಹೆಂಗಸರು ಗಂಡಸರು ಒಂದು ಟ್ರ್ಯಾಕ್ಟರ್ ತುಂಬ ಬಂದಿದ್ದರು, ಕೈಯಲ್ಲಿ ಅರಿವೆಯಲ್ಲಿ ಕಟ್ಟಿದ ರೊಟ್ಟಿ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ.

ಸೀರೆ ಹೊದಿಸುವ ಮೊದಲು, ಅದು ಎಲ್ಲಿಂದ ಬಂತೆಂದು ಓಣಿಯ ಹಿರಿಯಳು ಕೇಳಬೇಕು. ಹುಡಗಿಯಾಕಿ ಇನ್ನೂ ಇದ್ದಳು. ಅವಳನ್ನು ಎರಡು ರಟ್ಟೆ ಹಿಡಿದು ತಲೆದೆಸೆಯಲ್ಲಿ ಕೂಡಿಸಿದ್ದರು. ಕೈಯನ್ನು ಸೀರೆಯ ಮೇಲಿಟ್ಟು ಕೇಳಿದಳು.

"ಯಾ ಊರಿಂದು ಬಂತಪಾ ಸೀರಿ?"

ಅವನು ಅತ್ತೆಯ ಮುಖ ನೋಡಿದ. ತಲೆ ತಗ್ಗಿಸಿ ಹೇಳಿದ.

"ತಂಗಳವಾಡಿದು."

ಹುಡಗಿಯಾಕಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಹಚ್ಚಿ, "ಏನಂದಿ? ಜರಾ ಜೋರಲೇ ಹೇಳು" ಎಂದಳು.

ಅವನು ಸೀರೆಯನ್ನು ಎದೆಗೆ ಅವಚಿಕೊಂಡು ತಲೆಯೆತ್ತಿದ. ಈ ಸಲ ಓಣಿಗೆಲ್ಲ ಕೇಳುವ ಹಾಗೆ ಕೂಗಿದ.

"ತಂಗಳವಾಡಿದು! ತಂಗಳವಾಡಿಯಿಂದ ಬಂದೇವಿ ಅವ್ವಾ, ತಂಗಳವಾಡಿಯಾಕೀನ ನೋಡಾಕ!"